ವ್ಯೂಸ್ ಒಂದು ಲೆಕ್ಕ, ದುಡ್ಡು ಇನ್ನೊಂದು ಲೆಕ್ಕ: ಮುಂಬಯಿ, ಪುಣೆಯ ಕನ್ನಡ ಯೂಟ್ಯೂಬರ್‌ಗಳಿಗೆ

ಜನವರಿ ಎರಡನೇ ವಾರ ಬಂತೆಂದರೆ ಡೊಂಬಿವಲಿ, ಭಾಂಡೂಪ್, ಮೀರಾ ರೋಡ್‌ನಿಂದ ಹಿಡಿದು ಪುಣೆಯ ಪಿಂಪ್ರಿವರೆಗೆ ಕನ್ನಡ ಚಾನೆಲ್ ನಡೆಸುವವರ ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲಿ ಒಂದೇ ಪ್ರಶ್ನೆ ಓಡಾಡುತ್ತದೆ: “ಅಲ್ಗಾರಿದಂ ಏನಾದ್ರೂ ಚೇಂಜ್ ಆಯ್ತಾ?” ವ್ಯೂಸ್ ಹೆಚ್ಚುಕಡಿಮೆ ಡಿಸೆಂಬರಿನಷ್ಟೇ ಇರುತ್ತದೆ, ಡಾಲರ್ ಮಾತ್ರ ಇಳಿದಿರುತ್ತದೆ. ಈ ಪಾಪ ಅಲ್ಗಾರಿದಂಗೆ ಅಂಟುವಂಥದ್ದಲ್ಲ. ದಸರಾದಿಂದ ಹೊಸ ವರ್ಷದವರೆಗೆ ಜಾಹೀರಾತಿಗೆ ದುಡ್ಡು ಸುರಿದ ಕಂಪನಿಗಳು ಜನವರಿಯಲ್ಲಿ ಕೈ ಬಿಗಿ ಹಿಡಿಯುತ್ತವೆ. ಹರಾಜಿನಲ್ಲಿ ಕೂಗುವವರು ಕಡಿಮೆಯಾಗುತ್ತಾರೆ, ಬೆಲೆ ಇಳಿಯುತ್ತದೆ.

ಯೂಟ್ಯೂಬ್‌ನೊಳಗೆ ಎರಡು ಬೇರೆ ಬೇರೆ ಯಂತ್ರಗಳು ಓಡುತ್ತಿರುತ್ತವೆ. ಯಾರಿಗೆ ಯಾವ ವಿಡಿಯೊ ತೋರಿಸಬೇಕು ಎಂದು ನಿರ್ಧರಿಸುವುದು ಒಂದು. ಆ ವಿಡಿಯೊದ ಮುಂದೆ ಯಾರ ಜಾಹೀರಾತು, ಎಷ್ಟು ಬೆಲೆಗೆ ಎಂದು ಹರಾಜು ಹಾಕುವುದು ಇನ್ನೊಂದು. ಮೊದಲನೆಯದು ಕೆಟ್ಟರೆ ಮಾಡಬೇಕಾದ ಕೆಲಸ ಬೇರೆ, ಎರಡನೆಯದು ಕೆಟ್ಟರೆ ಮಾಡಬೇಕಾದದ್ದು ಬೇರೆ. ಹರಾಜಿನ ಬೆಲೆ ಬಿದ್ದದ್ದಕ್ಕೆ ಥಂಬ್‌ನೇಲ್ (ವಿಡಿಯೊದ ಮುಖಚಿತ್ರ) ಬದಲಿಸುತ್ತಾ ಕೂತು, ಚೆನ್ನಾಗಿ ಓಡುತ್ತಿದ್ದ ಚಾನೆಲ್‌ನ ದಾರಿಯನ್ನೇ ತಪ್ಪಿಸಿಕೊಂಡವರು ಕಡಿಮೆಯಿಲ್ಲ.

ತೋರಿಸುವ ಯಂತ್ರ

2012ರವರೆಗೆ ಯೂಟ್ಯೂಬ್‌ಗೆ ಕ್ಲಿಕ್ ಮುಖ್ಯವಾಗಿತ್ತು. ಆ ವರ್ಷ ನೋಡಿದ ಹೊತ್ತಿಗೆ, ಅಂದರೆ ವಾಚ್ ಟೈಮ್‌ಗೆ, ಹೆಚ್ಚು ತೂಕ ಕೊಟ್ಟರು. 2016ರಲ್ಲಿ ಗೂಗಲ್‌ನ ಇಂಜಿನಿಯರ್‌ಗಳು ಪ್ರಕಟಿಸಿದ ಪ್ರಬಂಧವೊಂದರಲ್ಲಿ ಒಳಗಿನ ವ್ಯವಸ್ಥೆ ಸ್ವಲ್ಪ ಬಯಲಾಯಿತು. ಮೊದಲ ಹಂತದಲ್ಲಿ ಲಕ್ಷಾಂತರ ವಿಡಿಯೊಗಳಿಂದ ಒಬ್ಬ ವೀಕ್ಷಕನಿಗೆ ಹೊಂದಬಹುದಾದ ಕೆಲವು ನೂರನ್ನು ಆರಿಸುತ್ತಾರೆ. ಎರಡನೇ ಹಂತದಲ್ಲಿ ಅವುಗಳನ್ನು ಆತ ಎಷ್ಟು ಹೊತ್ತು ನೋಡಬಹುದು ಎಂಬ ಅಂದಾಜಿನ ಮೇಲೆ ಸಾಲಾಗಿ ಜೋಡಿಸುತ್ತಾರೆ. ಆಮೇಲೆ ಸರ್ವೆ ಉತ್ತರಗಳು, ಲೈಕ್, ‘ನನಗೆ ಆಸಕ್ತಿಯಿಲ್ಲ’ ಬಟನ್ ಎಲ್ಲವೂ ಲೆಕ್ಕಕ್ಕೆ ಬಂದಿವೆ. ಆದರೆ ಮೂಲ ರಚನೆ ಅರ್ಥವಾಗಲು ಈ ಎರಡು ಹಂತ ಸಾಕು.

ಇಲ್ಲಿ ಬಹಳ ಜನ ಎಡವುವುದು ಒಂದೇ ಕಡೆ. ನನ್ನ ವಿಡಿಯೊವನ್ನು ಯಂತ್ರ ‘ಪುಶ್’ ಮಾಡುತ್ತದೆ ಅಥವಾ ‘ಡೌನ್’ ಮಾಡುತ್ತದೆ ಎಂದುಕೊಳ್ಳುತ್ತಾರೆ. ಯಂತ್ರ ಹೊರಡುವುದು ವೀಕ್ಷಕನಿಂದ. ಮಾಟುಂಗಾದ ಉಡುಪಿ ಹೋಟೆಲಿನ ಹಳೇ ಸಪ್ಲೈಯರ್‌ಗೆ ದೋಸೆಯ ಮೇಲೆ ಪ್ರೀತಿ ಇಲ್ಲ, ಇಡ್ಲಿಯ ಮೇಲೆ ದ್ವೇಷ ಇಲ್ಲ. ನಾಲ್ಕನೇ ಟೇಬಲಿಗೆ ಬೆಳಗ್ಗೆ ಕೂರುವವರು ಏನು ತಿಂದು ಮುಗಿಸುತ್ತಾರೆ, ಏನು ತಟ್ಟೆಯಲ್ಲಿ ಬಿಡುತ್ತಾರೆ ಅಷ್ಟು ಗೊತ್ತಿರುತ್ತದೆ. ಯೂಟ್ಯೂಬ್ ಮಾಡುವುದೂ ಅದನ್ನೇ, ಕೋಟ್ಯಂತರ ಟೇಬಲಿಗೆ.

ಮುಂಬಯಿ ಕನ್ನಡಿಗನ ಫೋನಿನಲ್ಲಿ ಇದರ ಫಲ ಸ್ಪಷ್ಟ. ಬೆಳಗ್ಗೆ ಲೋಕಲ್‌ನಲ್ಲಿ ಮರಾಠಿ ಸುದ್ದಿ, ಮಧ್ಯಾಹ್ನ ಹಿಂದಿ ಕಾಮಿಡಿ, ರಾತ್ರಿ ಊಟವಾದ ಮೇಲೆ ತುಳು ನಾಟಕದ ತುಣುಕು, ಭಾನುವಾರ ಯಕ್ಷಗಾನ. ನಿಮ್ಮ ಕನ್ನಡ ಅಡುಗೆ ವಿಡಿಯೊ ಸ್ಪರ್ಧಿಸುತ್ತಿರುವುದು ಬೆಂಗಳೂರಿನ ಅಡುಗೆ ಚಾನೆಲ್‌ಗಳ ಜೊತೆಗೆ ಮಾತ್ರವಲ್ಲ, ಆ ಫೋನಿನಲ್ಲಿ ಇರುವ ನಾಲ್ಕು ಭಾಷೆಗಳ ಜೊತೆಗೆ. ಅದಕ್ಕೇ ಇಲ್ಲಿನ ಚಾನೆಲ್‌ಗಳ ಗ್ರಾಫ್ ಊರಿನ ಚಾನೆಲ್‌ಗಳಿಗಿಂತ ಹೆಚ್ಚು ಏರಿಳಿಯುತ್ತದೆ. ಐಪಿಎಲ್ ಶುರುವಾದ ದಿನ, ವಿಧಾನಸಭೆ ಫಲಿತಾಂಶದ ದಿನ, ಗಣೇಶ ವಿಸರ್ಜನೆಯ ದಿನ ವೀಕ್ಷಕ ಬೇರೆಲ್ಲೋ ಇರುತ್ತಾನೆ. ನಿಮ್ಮ ಕಡೆಯಿಂದ ಏನೂ ತಪ್ಪಾಗಿರುವುದಿಲ್ಲ.

ವಿಡಿಯೊ ಸೆಟ್ಟಿಂಗ್‌ನಲ್ಲಿ ಭಾಷೆ ಎಂಬ ಕಡೆ ಕನ್ನಡ ಎಂದು ಆಯ್ಕೆ ಮಾಡಿದ್ದೀರಾ ನೋಡಿ. ಹಿಂದಿ ಪದ ನಡುನಡುವೆ ಬರುವ ಮುಂಬಯಿ ಕನ್ನಡಕ್ಕೆ ಇದು ಇನ್ನೂ ಮುಖ್ಯ. ಶೀರ್ಷಿಕೆ ಕನ್ನಡ ಅಕ್ಷರದಲ್ಲಿರಲಿ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಟೈಪ್ ಮಾಡಿ ಹುಡುಕುವವರು ಇಲ್ಲಿ ಬಹಳ, ಅವರಿಗಾಗಿ ಡಿಸ್ಕ್ರಿಪ್ಷನ್‌ನ ಮೊದಲ ಎರಡು ಸಾಲಿನಲ್ಲಿ ಅದೇ ಪದಗಳನ್ನು ಆ ಲಿಪಿಯಲ್ಲೂ ಬರೆಯಿರಿ. ಟ್ಯಾಗ್‌ಗಳ ಮೇಲೆ ಗಂಟೆಗಟ್ಟಲೆ ಕೂರುವುದು ದಂಡ. ಜನ ತಪ್ಪಾಗಿ ಬರೆಯುವ ಹೆಸರುಗಳಿಗೆ ಬಿಟ್ಟರೆ ಅವುಗಳ ಪಾತ್ರ ಅತ್ಯಲ್ಪ ಎಂದು ಯೂಟ್ಯೂಬೇ ಹೇಳುತ್ತದೆ.

ವ್ಯೂಸ್ ಬಿದ್ದರೆ ಏನು ನೋಡಬೇಕು

ನಿನ್ನೆ, ಮೊನ್ನೆಯ ಅಂಕಿ ನೋಡಬೇಡಿ. ಚಾನೆಲ್‌ನ ಅಂಕಿಗಳನ್ನು ತೋರಿಸುವ ಯೂಟ್ಯೂಬ್ ಸ್ಟುಡಿಯೊದಲ್ಲಿ 28 ದಿನದ ಅವಧಿ ಹಾಕಿ, ಹಿಂದಿನ 28 ದಿನಕ್ಕೂ ಕಳೆದ ವರ್ಷದ ಅದೇ ದಿನಗಳಿಗೂ ಹೋಲಿಸಿ. ಹಬ್ಬದ ವಿಡಿಯೊ ಮಾಡುವವರಿಗೆ ಎರಡನೇ ಹೋಲಿಕೆಯೇ ಸತ್ಯ ಹೇಳುವುದು. ಶ್ರಾವಣವನ್ನು ಆಷಾಢಕ್ಕೆ ಹೋಲಿಸಿ ಏನು ಪ್ರಯೋಜನ?

ಆಮೇಲೆ ಇಂಪ್ರೆಶನ್, ಸಿಟಿಆರ್, ಸರಾಸರಿ ನೋಡಿದ ಹೊತ್ತು ಎಂಬ ಮೂರನ್ನು ಒಟ್ಟಿಗೆ ಇಟ್ಟುಕೊಂಡು ಓದಿ. ಥಂಬ್‌ನೇಲ್‌ನ ಅರ್ಧದಷ್ಟಾದರೂ ಭಾಗ ಕನಿಷ್ಠ ಒಂದು ಸೆಕೆಂಡ್ ಪರದೆಯ ಮೇಲೆ ಕಂಡರೆ ಒಂದು ಇಂಪ್ರೆಶನ್. ಅದರಲ್ಲಿ ನೂರಕ್ಕೆ ಎಷ್ಟು ಜನ ಒತ್ತಿದರು ಎಂಬುದು ಸಿಟಿಆರ್. ಯೂಟ್ಯೂಬ್ ಹೇಳುವ ಪ್ರಕಾರ ಅರ್ಧದಷ್ಟು ಚಾನೆಲ್ ಮತ್ತು ವಿಡಿಯೊಗಳ ಸಿಟಿಆರ್ 2%ರಿಂದ 10%ರ ನಡುವೆ ಇರುತ್ತದೆ. ವಾಟ್ಸ್ಆ್ಯಪ್ ಲಿಂಕ್ ಒತ್ತಿ ಬಂದವರು ಈ ಲೆಕ್ಕದಲ್ಲಿ ಇರುವುದಿಲ್ಲ.

ಇಂಪ್ರೆಶನ್ ಏರಿ ಸಿಟಿಆರ್ ಇಳಿದರೆ ಗಾಬರಿ ಬೇಡ. ವಿಡಿಯೊ ನಿಮ್ಮ ಖಾಯಂ ಜನರನ್ನು ದಾಟಿ ಪರಿಚಯವಿಲ್ಲದವರ ಹೋಮ್ ಪೇಜ್‌ಗೆ ಹೋಗಿದೆ, ಅವರಲ್ಲಿ ಒತ್ತುವವರು ಕಡಿಮೆಯೇ. ಈ ಹೊತ್ತಿನಲ್ಲೇ ‘ಸಿಟಿಆರ್ ಬಿತ್ತು’ ಎಂದು ಥಂಬ್‌ನೇಲ್ ಬದಲಿಸಿ ಓಟಕ್ಕೆ ತಾವೇ ತಡೆ ಹಾಕುವವರಿದ್ದಾರೆ. ಇಂಪ್ರೆಶನ್ ಇಳಿದು ಸಿಟಿಆರ್ ಹಾಗೇ ನಿಂತಿದ್ದರೆ ವಿಷಯದ ಬೇಡಿಕೆ ಇಳಿದಿದೆ ಅಥವಾ ವೀಕ್ಷಕ ಆ ವಾರ ಬೇರೆ ಕಡೆ ಇದ್ದಾನೆ. ಇಲ್ಲಿ ಮದ್ದು ಮುಂದಿನ ವಿಡಿಯೊ. ಸಿಟಿಆರ್ ಚೆನ್ನಾಗಿದ್ದು ಮೊದಲ 30 ಸೆಕೆಂಡಿನಲ್ಲೇ ಜನ ಕಾಲ್ಕಿತ್ತರೆ ಮಾತ್ರ ತಪ್ಪು ನಿಮ್ಮದೇ: ಶೀರ್ಷಿಕೆ ಹೇಳಿದ್ದು ಒಂದು, ಒಳಗೆ ಸಿಕ್ಕಿದ್ದು ಇನ್ನೊಂದು.

ಒಂದು ರಿಟೆನ್ಷನ್ ಗ್ರಾಫನ್ನು, ಅಂದರೆ ಜನ ವಿಡಿಯೊವನ್ನು ಎಲ್ಲಿಯವರೆಗೆ ನೋಡಿದರು ಎಂಬ ಗೆರೆಯನ್ನು, ಹತ್ತಿರದಿಂದ ನೋಡೋಣ. ಕಿಂಗ್ಸ್ ಸರ್ಕಲ್‌ನ ಗೌಡ ಸಾರಸ್ವತರ (ಜಿಎಸ್‌ಬಿ) ಗಣಪತಿಯ ದರ್ಶನದ ಬಗ್ಗೆ 12 ನಿಮಿಷದ ಕನ್ನಡ ವಿಡಿಯೊ ಎಂದಿಟ್ಟುಕೊಳ್ಳಿ. ಮೊದಲ ಎಂಟು ಸೆಕೆಂಡ್ ಚಾನೆಲ್‌ನ ಲೋಗೊ ತಿರುಗುತ್ತದೆ. ಮುಂದಿನ ಇಪ್ಪತ್ತು ಸೆಕೆಂಡ್ “ನಮಸ್ಕಾರ ವೀಕ್ಷಕರೇ, ನೀವಿನ್ನೂ ನಮ್ಮ ಚಾನೆಲ್ ಸಬ್‌ಸ್ಕ್ರೈಬ್ ಮಾಡಿಲ್ಲ ಅಂದ್ರೆ…”. ಗೆರೆ ಇಲ್ಲೇ ಕಡಿದಾಗಿ ಇಳಿಯುತ್ತದೆ. ನಾಲ್ಕನೇ ನಿಮಿಷದಲ್ಲಿ ಕ್ಯೂ ಎಲ್ಲಿಂದ ಶುರು, ಚಪ್ಪಲಿ ಎಲ್ಲಿ ಬಿಡಬೇಕು ಎಂದು ತೋರಿಸುವಾಗ ಗೆರೆಯಲ್ಲಿ ಸಣ್ಣ ಗುಡ್ಡ ಏಳುತ್ತದೆ. ಅಂದರೆ ಜನ ಹಿಂದೆ ಎಳೆದು ಮತ್ತೆ ನೋಡಿದ್ದಾರೆ ಅಥವಾ ನೇರ ಅಲ್ಲಿಗೇ ಜಿಗಿದಿದ್ದಾರೆ. ಮುಂದಿನ ವರ್ಷದ ವಿಡಿಯೊ ಆ ಗುಡ್ಡದಿಂದಲೇ ಶುರುವಾಗಬೇಕು, ನಮಸ್ಕಾರ ಐದು ಸೆಕೆಂಡಿನಲ್ಲಿ ಮುಗಿಯಬೇಕು. ವಿಡಿಯೊ ಹಬ್ಬಕ್ಕೆ ಹತ್ತು ದಿನ ಮೊದಲೇ ಮೇಲೇರಿರಬೇಕು. ಆ ಗಣಪತಿ ಇರುವುದು ಐದೇ ದಿನ, ಹುಡುಕುವವರು ಇರುವುದೂ ಅಷ್ಟೇ ದಿನ.

ಗ್ರಾಫನ್ನು ಓದುವಾಗ ಟ್ರಾಫಿಕ್ ಸೋರ್ಸ್, ಅಂದರೆ ವೀಕ್ಷಕರು ಎಲ್ಲಿಂದ ಬಂದರು ಎಂಬುದನ್ನು, ಬೇರ್ಪಡಿಸಿ ನೋಡಿ. ಸಂಘದ 300 ಜನರ ಗ್ರೂಪ್‌ಗೆ ಲಿಂಕ್ ಹಾಕಿದರೆ ಮರ್ಯಾದೆಗೆ ಒತ್ತಿ ಇಪ್ಪತ್ತು ಸೆಕೆಂಡಿಗೆ ಹೊರಟುಹೋಗುತ್ತಾರೆ, ಒಟ್ಟು ಸರಾಸರಿ ಕೆಟ್ಟದಾಗಿ ಕಾಣುತ್ತದೆ. ಹುಡುಕಿ ಬಂದವರ ರಿಟೆನ್ಷನ್ ಅದೇ ವಿಡಿಯೊದಲ್ಲಿ ಚೆನ್ನಾಗಿರಬಹುದು. ‘ನೀವು ನಂದು ಸಬ್ ಮಾಡಿ, ನಾನು ನಿಮ್ಮದು’ ವ್ಯಾಪಾರ ಇನ್ನೂ ಕೆಟ್ಟದ್ದು. ಅದು ನಿಯಮಬಾಹಿರ. ಅಲ್ಲದೆ, ನೋಡದ ಸಬ್‌ಸ್ಕ್ರೈಬರ್ ಹೆಚ್ಚಿದಷ್ಟೂ ‘ಈ ಚಾನೆಲ್‌ನವರೇ ಇದನ್ನು ಒತ್ತುವುದಿಲ್ಲ’ ಎಂಬ ಸಾಕ್ಷಿ ತಾನಾಗೇ ಕೂಡುತ್ತಾ ಹೋಗುತ್ತದೆ.

ಓಡದ ವಿಡಿಯೊ ಡಿಲೀಟ್ ಮಾಡಿ ಮತ್ತೆ ಹಾಕುವ ಚಟವೂ ಒಂದಿದೆ. ಡಿಲೀಟ್ ಆದ, ಪ್ರೈವೇಟ್ ಮಾಡಿದ ವಿಡಿಯೊಗಳ ಗಂಟೆಗಳು ಜಾಹೀರಾತಿನ ದುಡ್ಡಿಗೆ ಬೇಕಾದ 4,000 ಗಂಟೆಯ ಅರ್ಹತೆಗೆ ಸೇರುವುದಿಲ್ಲ. ಬದಲಿಗೆ ಥಂಬ್‌ನೇಲ್ ಪರೀಕ್ಷೆ ಬಳಸಿ. ಮೂರು ಚಿತ್ರಗಳವರೆಗೆ ಹಾಕಬಹುದು, ಯೂಟ್ಯೂಬ್ ಅವನ್ನು ಬೇರೆ ಬೇರೆ ವೀಕ್ಷಕರಿಗೆ ತೋರಿಸಿ, ಹೆಚ್ಚು ವಾಚ್ ಟೈಮ್ ತಂದದ್ದನ್ನು ಆರಿಸುತ್ತದೆ. ಮೂರೂ ಒಂದೇ ತರಹ ಇದ್ದರೆ ಫಲಿತಾಂಶ ಬರುವುದೇ ಇಲ್ಲ. ಬಣ್ಣ ಬದಲಿಸಿದರೆ ಸಾಲದು, ಚಿತ್ರದ ವಿಷಯವೇ ಬೇರೆ ಇರಬೇಕು.

ಏರಿಳಿತ ತಗ್ಗಿಸಲು ಇರುವ ಒಳ್ಳೆಯ ದಾರಿ ಹುಡುಕಿ ನೋಡುವ ವಿಡಿಯೊಗಳದ್ದು. ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ (ಎಲ್‌ಟಿಟಿ) ಹೊರಡುವ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮಾಡುವುದು ಹೇಗೆ, ವೇಟಿಂಗ್ ಲಿಸ್ಟ್ ಯಾವ ಕೋಟಾದಲ್ಲಿ ಬೇಗ ಕನ್ಫರ್ಮ್ ಆಗುತ್ತದೆ, ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿ ಯಾಕೆ ಬದಲಾಗುತ್ತದೆ: ಇಂಥವು ಹೋಮ್ ಪೇಜ್‌ನ ಮರ್ಜಿಗೆ ಕಾಯುವುದಿಲ್ಲ, ವರ್ಷವಿಡೀ ಹುಡುಕುವವರಿರುತ್ತಾರೆ. ಆದರೆ ಇವಕ್ಕೂ ಆಯುಷ್ಯವಿದೆ. 2024ರ ನವೆಂಬರ್ 1ರಂದು ಮುಂಗಡ ಬುಕಿಂಗ್ 120 ದಿನದಿಂದ 60ಕ್ಕೆ ಇಳಿದಾಗ ಹಳೆಯ ಟಿಕೆಟ್ ವಿಡಿಯೊಗಳೆಲ್ಲ ಒಂದೇ ದಿನಕ್ಕೆ ಸುಳ್ಳಾದವು. ಅಂಥ ದಿನ ಮೊದಲು ಹೊಸ ವಿಡಿಯೊ ಹಾಕಿದವರಿಗೆ ಹುಡುಕುವವರೆಲ್ಲ ಸಿಗುತ್ತಾರೆ. ಹಳೆಯದಕ್ಕೆ ಪಿನ್ ಕಮೆಂಟ್ ಹಾಕಿ ಹೊಸದಕ್ಕೆ ದಾರಿ ತೋರಿಸಿದರೆ ಆಯಿತು.

ದುಡ್ಡಿನ ಯಂತ್ರ

ಜಾಹೀರಾತಿನ ದುಡ್ಡಿಗೆ ಬಾಗಿಲು 1,000 ಸಬ್‌ಸ್ಕ್ರೈಬರ್, ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವಾಚ್ ಟೈಮ್ ಅಥವಾ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವ್ಯೂಸ್. ಶಾರ್ಟ್ಸ್ ಫೀಡ್‌ನಲ್ಲಿ ನೋಡಿದ ಹೊತ್ತು ಆ 4,000 ಗಂಟೆಗೆ ಸೇರದು. 1,000 ಸಬ್‌ಸ್ಕ್ರೈಬರ್, 4,000 ಗಂಟೆಯ ಗೆರೆ ಬಂದದ್ದು 2018ರಲ್ಲಿ. ಅದಕ್ಕೂ ಮುನ್ನ ಒಟ್ಟು 10,000 ವ್ಯೂಸ್ ಸಾಕಿತ್ತು. ಗೆರೆ ಎತ್ತರಿಸಿದಾಗ ಸಣ್ಣ ಚಾನೆಲ್‌ಗಳು ಹೊರಬಿದ್ದವು.

ಸಿಪಿಎಂ ಅಂದರೆ ಸಾವಿರ ಸಲ ಜಾಹೀರಾತು ಕಂಡದ್ದಕ್ಕೆ ಕಂಪನಿ ಕೊಡುವ ಬೆಲೆ. ಆರ್‌ಪಿಎಂ ಅಂದರೆ ಸಾವಿರ ವ್ಯೂಸ್‌ಗೆ ನಿಮ್ಮ ಕೈಗೆ ಬರುವುದು, ಜಾಹೀರಾತೇ ಬಾರದ ವ್ಯೂಸ್ ಕೂಡ ಸೇರಿ. ಉದ್ದ ವಿಡಿಯೊದ ಜಾಹೀರಾತಿನಲ್ಲಿ ನಿಮ್ಮ ಪಾಲು 55%. ಎರಡೂ ಅಂಕಿಗಳನ್ನು ಒಟ್ಟಿಗೆ ಗಮನಿಸಿದರೆ ರೋಗ ಯಾವುದೆಂದು ಗೊತ್ತಾಗುತ್ತದೆ. ಸಿಪಿಎಂ ಬಿದ್ದಿದ್ದರೆ ಹರಾಜಿನ ಸಮಸ್ಯೆ, ಕಾಯುವುದು ಬಿಟ್ಟು ದಾರಿಯಿಲ್ಲ. ಸಿಪಿಎಂ ಹಾಗೇ ಇದ್ದು ಆರ್‌ಪಿಎಂ ಮಾತ್ರ ಬಿದ್ದಿದ್ದರೆ ಜಾಹೀರಾತು ಹತ್ತುತ್ತಿಲ್ಲ: ಜಾಹೀರಾತು ಸೀಮಿತ ಎಂದು ಸೂಚಿಸುವ ಹಳದಿ ಐಕಾನ್ ಬಂದಿರಬಹುದು, ವಿಡಿಯೊ 8 ನಿಮಿಷಕ್ಕಿಂತ ಚಿಕ್ಕದಾಗಿ ನಡುವಿನ ಜಾಹೀರಾತಿಗೆ ಜಾಗವಿಲ್ಲದಿರಬಹುದು, ಅಥವಾ ವ್ಯೂಸ್ ಶಾರ್ಟ್ಸ್ ಕಡೆಗೆ ವಾಲಿರಬಹುದು.

ನಡುವಿನ ಜಾಹೀರಾತನ್ನು ಯಂತ್ರಕ್ಕೇ ಬಿಟ್ಟರೆ ಯಕ್ಷಗಾನದ ಪದ್ಯ ಅರ್ಧದಲ್ಲಿ ಕಡಿದು ಸೋಪಿನ ಜಾಹೀರಾತು ಬಂದೀತು. ಪದ್ಯ ಮುಗಿದು ಅರ್ಥಗಾರಿಕೆ ಶುರುವಾಗುವ ಮುನ್ನ, ಅಡುಗೆಯಲ್ಲಿ ಮುಚ್ಚಳ ಮುಚ್ಚಿದ ಮೇಲೆ, ಹೀಗೆ ಸಹಜವಾಗಿ ನಿಲ್ಲುವ ಕಡೆ ನೀವೇ ಗುರುತು ಹಾಕಿ. 2025ರ ಮೇ ತಿಂಗಳಿನಿಂದ ಯೂಟ್ಯೂಬ್ ಕೂಡ ಇಂಥ ನಿಲುಗಡೆಗಳಿಗೇ ಆದ್ಯತೆ ಕೊಡುತ್ತಿದೆ.

ಬೆಲೆ ನಿಮ್ಮ ಪಿನ್‌ಕೋಡ್ ನೋಡಿ ಬರುವುದಿಲ್ಲ, ವೀಕ್ಷಕನ ಜಾಗ ನೋಡಿ ಬರುತ್ತದೆ. ನೀವು ಘಾಟ್ಕೋಪರ್‌ನಲ್ಲಿ ಕೂತು ಮಾಡಿದ ವಿಡಿಯೊವನ್ನು ದುಬೈ, ಮಸ್ಕತ್‌ನಲ್ಲಿ ಇರುವ ಕರಾವಳಿಯವರು ನೋಡಿದರೆ ಸಾಮಾನ್ಯವಾಗಿ ಆರ್‌ಪಿಎಂ ಏರುತ್ತದೆ. ಹಣಕಾಸು, ಮನೆ ಖರೀದಿ, ವಿದ್ಯಾಭ್ಯಾಸದ ವಿಷಯಕ್ಕೆ ಬೆಲೆ ಹೆಚ್ಚು. ಕಾಮಿಡಿ, ಭಜನೆಗೆ ಕಡಿಮೆ. ಇದನ್ನು ತಿಳಿದುಕೊಂಡು ಭಜನೆ ಚಾನೆಲ್ ಬಿಟ್ಟು ಶೇರು ಮಾರುಕಟ್ಟೆಯ ಚಾನೆಲ್ ಶುರು ಮಾಡಿದರೆ ಮೇಲೆ ಹೇಳಿದ ಮೊದಲನೇ ಯಂತ್ರ ಬಿಡುವುದಿಲ್ಲ. ಭಜನೆಯವರಿಗೆ ಶೇರು ಬೇಡ.

ಶಾರ್ಟ್ಸ್‌ನ ಲೆಕ್ಕವೇ ಬೇರೆ, 2023ರ ಫೆಬ್ರುವರಿಯಿಂದ ಹೀಗಿದೆ. ಫೀಡ್‌ನಲ್ಲಿ ವಿಡಿಯೊಗಳ ನಡುವೆ ಬಂದ ಜಾಹೀರಾತಿನ ದುಡ್ಡೆಲ್ಲ ಒಂದು ಕಡೆ ಕೂಡುತ್ತದೆ. ಸಂಗೀತ ಬಳಸದ ಶಾರ್ಟ್‌ನ ವ್ಯೂಸ್‌ಗೆ ತಗುಲಿದ ದುಡ್ಡೆಲ್ಲ ಕ್ರಿಯೇಟರ್ ನಿಧಿಗೆ ಹೋಗುತ್ತದೆ. ಒಂದು ಹಾಡು ಬಳಸಿದರೆ ಅರ್ಧ ಸಂಗೀತದ ಹಕ್ಕುದಾರರಿಗೆ, ಎರಡು ಹಾಡು ಬಳಸಿದರೆ ಮೂರರಲ್ಲಿ ಎರಡು ಪಾಲು ಅವರಿಗೆ. ಉಳಿದ ನಿಧಿಯನ್ನು ಆಯಾ ದೇಶದ ವ್ಯೂಸ್ ಪ್ರಕಾರ ಹಂಚಿ, ನಿಮಗೆ ಬಂದ ಹಂಚಿಕೆಯ 45% ಕೊಡುತ್ತಾರೆ. ಅಂದರೆ ದೇಶದ ನಿಧಿಯಲ್ಲಿ ನಿಮ್ಮ ಹಂಚಿಕೆ 1,000 ರೂ. ಆದರೆ ಕೈಗೆ 450 ರೂ. ಶಾರ್ಟ್ಸ್‌ನ ಎಷ್ಟೋ ಲಕ್ಷ ವ್ಯೂಸ್‌ಗೆ ಸಿಕ್ಕ ದುಡ್ಡನ್ನು ಉದ್ದ ವಿಡಿಯೊದ ಕೆಲವೇ ಸಾವಿರ ವ್ಯೂಸ್ ತಂದುಬಿಡುವುದು ಇದಕ್ಕೇ. ಶಾರ್ಟ್ಸ್ ಹೊಸಬರನ್ನು ಕರೆತರಲಿ, ಮನೆ ಖರ್ಚನ್ನು ಅದರ ಮೇಲೆ ಹೊರಿಸಬೇಡಿ. 2025ರ ಮಾರ್ಚ್ 31ರಿಂದ ಶಾರ್ಟ್ ಶುರುವಾದರೆ ಸಾಕು ಒಂದು ವ್ಯೂ ಎಂದು ಎಣಿಸುತ್ತಾರೆ, ದುಡ್ಡಿಗೆ ಮಾತ್ರ ‘ಎಂಗೇಜ್ಡ್ ವ್ಯೂಸ್’ ಎಂಬ ಹಳೇ ಎಣಿಕೆ. ವ್ಯೂಸ್ ಏರಿತು, ದುಡ್ಡು ಏರಲಿಲ್ಲ ಎಂದು ಆಗ ಗೊಣಗಿದವರಿಗೆ ಉತ್ತರ ಇಲ್ಲಿತ್ತು.

2025ರ ಮೇ ತಿಂಗಳಲ್ಲಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ ನಡೆದ ವೇವ್ಸ್ ಸಮಾವೇಶದಲ್ಲಿ ಯೂಟ್ಯೂಬ್ ಮುಖ್ಯಸ್ಥ ನೀಲ್ ಮೋಹನ್, ಹಿಂದಿನ ಮೂರು ವರ್ಷಗಳಲ್ಲಿ ಭಾರತಕ್ಕೆ 21,000 ಕೋಟಿ ರೂ. ಪಾವತಿಸಿದ್ದಾಗಿ ಹೇಳಿದರು. ಕೇಳಲು ದೊಡ್ಡದು. ಆ ಲೆಕ್ಕದಲ್ಲಿ ಮಾಧ್ಯಮ ಕಂಪನಿಗಳೂ ಕಲಾವಿದರೂ ಸೇರಿದ್ದಾರೆ ಎಂಬುದನ್ನು ಮರೆತು ಕೆಲಸಕ್ಕೆ ರಾಜೀನಾಮೆ ಕೊಡಬಾರದು.

ತಿಂಗಳ ಸಂಬಳವನ್ನು ನೀವೇ ಕಟ್ಟಿಕೊಳ್ಳುವುದು

ಆಗಸ್ಟ್‌ನ ವ್ಯೂಸ್‌ನ ದುಡ್ಡು ಸೆಪ್ಟೆಂಬರ್ 7ರಿಂದ 12ರೊಳಗೆ ಗೂಗಲ್‌ನ ಪಾವತಿ ಖಾತೆಯಾದ ಆ್ಯಡ್‌ಸೆನ್ಸ್‌ನಲ್ಲಿ ಅಂತಿಮವಾಗುತ್ತದೆ, 21ರಿಂದ 26ರ ನಡುವೆ ಹೊರಡುತ್ತದೆ, ಅದೂ ಬಾಕಿ 100 ಡಾಲರ್ ದಾಟಿದ್ದರೆ. ಬ್ಯಾಂಕಿನಲ್ಲಿ ರೂಪಾಯಿಯಾಗಲು ಇನ್ನೂ ಕೆಲವು ದಿನ. ಸ್ಟುಡಿಯೊದಲ್ಲಿ ಕಾಣುವ ಅಂದಾಜು ಮೊತ್ತ ಕೈಗೆ ಬರುವ ಮೊತ್ತವಲ್ಲ, ನಕಲಿ ಟ್ರಾಫಿಕ್‌ನ ದುಡ್ಡನ್ನು ಕಡಿದ ಮೇಲೆ ಉಳಿದದ್ದಷ್ಟೇ ಬರುತ್ತದೆ. ಬಾಡಿಗೆ ಒಂದನೇ ತಾರೀಕು ಕೊಡಬೇಕಾದವರಿಗೆ ಈ ಕ್ಯಾಲೆಂಡರ್ ಬಾಯಿಪಾಠವಿರಬೇಕು.

ಈಗ ಒಂದು ಕಾಲ್ಪನಿಕ ಚಾನೆಲ್‌ನ ವರ್ಷದ ಆದಾಯ ಬಿಡಿಸಿ ನೋಡೋಣ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಸಾವಿರ ರೂಪಾಯಿಗಳಲ್ಲಿ: 38, 31, 27, 29, 35, 52, 71, 64, 58, 24, 30, 45. ಒಟ್ಟು 5.04 ಲಕ್ಷ, ಸರಾಸರಿ 42,000. ಈ ಸರಾಸರಿಯನ್ನು ನಂಬಿ 40,000ದ ಖರ್ಚು ಹಿಡಿದವರು 12ರಲ್ಲಿ ಏಳು ತಿಂಗಳು ಸಾಲ ಮಾಡುತ್ತಾರೆ. ಬದಲಿಗೆ ಅತಿ ಕಡಿಮೆಯ ಮೂರು ತಿಂಗಳ ಸರಾಸರಿ ತೆಗೆಯಿರಿ: 24, 27, 29. ಸುಮಾರು 27,000. ಇದು ನಿಮ್ಮ ಸಂಬಳ. ಚಾನೆಲ್‌ನ ದುಡ್ಡು ಒಂದು ಖಾತೆಗೆ ಬರಲಿ, ಅಲ್ಲಿಂದ ಪ್ರತಿ ತಿಂಗಳು ಒಂದೇ ತಾರೀಕಿಗೆ 27,000 ಮನೆ ಖಾತೆಗೆ ಹೋಗಲಿ. ಜನವರಿಯಲ್ಲಿ ಮೂರು ಸಾವಿರ ಕಡಿಮೆ ಬಿದ್ದರೆ ಆ ಖಾತೆಯೇ ತುಂಬಿಕೊಡುತ್ತದೆ. ವರ್ಷದ ಕೊನೆಗೆ ಉಳಿಯುವ 1.8 ಲಕ್ಷದಲ್ಲಿ ತೆರಿಗೆ, ಕ್ಯಾಮೆರಾ ರಿಪೇರಿ, ಹಾರ್ಡ್ ಡಿಸ್ಕ್, ಮಿಕ್ಕದ್ದು ಆರು ತಿಂಗಳ ಖರ್ಚಿನ ಠೇವಣಿ. ಈ ಠೇವಣಿ ತುಂಬುವವರೆಗೆ ಹೊಸ ಲೆನ್ಸ್ ಇಎಂಐಗೆ ತೆಗೆದುಕೊಳ್ಳಬಾರದು. ಅಕ್ಟೋಬರಿನ 71,000 ನೋಡಿ ಇಎಂಐ ಹಾಕುವವರೇ ಹೆಚ್ಚು.

27,000ಕ್ಕೆ ಮುಂಬಯಿಯಲ್ಲಿ ಸಂಸಾರ ನಡೆಯದು ಎನ್ನುವುದು ನಿಜ. ಹಾಗಾದರೆ ಚಾನೆಲ್ ಇನ್ನೂ ಪೂರ್ಣಾವಧಿ ಕೆಲಸವಾಗಿಲ್ಲ ಎಂದೇ ಅರ್ಥ, ನೌಕರಿ ಇರಲಿ. ಇಲ್ಲಿ ಇನ್ನೊಂದು ತೊಡಕಿದೆ: 11 ತಿಂಗಳ ಲೀವ್ ಆ್ಯಂಡ್ ಲೈಸೆನ್ಸ್ ಕರಾರಿಗೆ ಮನೆ ಮಾಲೀಕ, ಸಾಲಕ್ಕೆ ಬ್ಯಾಂಕ್, ಇಬ್ಬರೂ ಸ್ಯಾಲರಿ ಸ್ಲಿಪ್ ಕೇಳುತ್ತಾರೆ. ಸ್ವಂತ ದುಡಿಮೆಯವರಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಎರಡು-ಮೂರು ವರ್ಷದ ಐಟಿ ರಿಟರ್ನ್ ನೋಡುತ್ತವೆ. ಆದಾಯ ತೆರಿಗೆ ಮಿತಿಯೊಳಗಿದ್ದರೂ ಮೊದಲ ವರ್ಷದಿಂದಲೇ ರಿಟರ್ನ್ ಸಲ್ಲಿಸುವುದು ಇದಕ್ಕಾಗಿ.

ಆದಾಯಕ್ಕೆ ಎರಡನೇ ಕಾಲು ಬೇಕು. ಮೆಂಬರ್‌ಶಿಪ್, ಸೂಪರ್ ಚಾಟ್‌ನಲ್ಲಿ 70% ಕ್ರಿಯೇಟರ್‌ಗೆ, ಆದರೆ ಸಣ್ಣ ಚಾನೆಲ್‌ಗೆ ಅದು ಚಹಾ ಖರ್ಚು. ಮುಂಬಯಿ, ಪುಣೆ, ಗೋವಾದಲ್ಲಿ ಕನ್ನಡದವರ ಬಳಿ ಇರುವ ಗಟ್ಟಿ ಮಾರುಕಟ್ಟೆ ಬೇರೆಯೇ: ಸಂಘಗಳ ವಾರ್ಷಿಕೋತ್ಸವದ ಲೈವ್, ಅರಂಗೇಟ್ರಂ, ಮದುವೆ, ಉಪನಯನ, ಯಕ್ಷಗಾನ ಮಂಡಳಿಯ ದಾಖಲೀಕರಣ, ಹೋಟೆಲ್ ಮಾಲೀಕರಿಗೆ ತಿಂಗಳಿಗೆ ಇಷ್ಟು ರೀಲ್ಸ್ ಎಂಬ ಒಪ್ಪಂದ. ಯಾರಿಗೂ ತೋರಿಸಿ ಮೆರೆಯಲು ಬಾರದ ಕೆಲಸ. ಆದರೆ ಅಲ್ಗಾರಿದಂ ನಿದ್ದೆ ಮಾಡಿದರೂ ಇದರ ದುಡ್ಡು ಬರುತ್ತದೆ, ನಮ್ಮ ಲೆಕ್ಕದಲ್ಲಿ ಆದಾಯಗಳಲ್ಲೆಲ್ಲ ಇದೇ ಉತ್ತಮ. ಲೈವ್‌ಗೆ ಎರಡು ಬೇರೆ ಕಂಪನಿಯ ಸಿಮ್ ಇರುವ ರೂಟರ್ ಒಯ್ಯಿರಿ. ಕಾರ್ಯಕ್ರಮ ಶುರುವಾಗಿ ನೂರಾರು ಜನರ ಫೋನ್ ಒಂದೇ ಟವರಿಗೆ ಬಿದ್ದ ಕೂಡಲೇ ಒಂದು ನೆಟ್‌ವರ್ಕ್ ಕೈಕೊಡುತ್ತದೆ.

ಒಂದೇ ವೇದಿಕೆಯ ಮೇಲೆ ಮನೆ ಕಟ್ಟಿದರೆ ಏನಾಗುತ್ತದೆಂದು 2020ರ ಜೂನ್ 29ರ ರಾತ್ರಿ ಟಿಕ್‌ಟಾಕ್ ನಿಷೇಧವಾದಾಗ ದೇಶವೇ ನೋಡಿತು. ಮುಂದಿನ ತಿಂಗಳೇ ರೀಲ್ಸ್, ಸೆಪ್ಟೆಂಬರಿನಲ್ಲಿ ಶಾರ್ಟ್ಸ್ ಬಂದವು. ಆದರೆ ಫಾಲೋವರ್‌ಗಳು ಯಾರೂ ತಾನಾಗಿ ದಾಟಿ ಬರಲಿಲ್ಲ. ವಾಟ್ಸ್ಆ್ಯಪ್ ಚಾನೆಲ್, ಇಮೇಲ್ ಪಟ್ಟಿ, ಎರಡು ಹಾರ್ಡ್ ಡಿಸ್ಕ್‌ನಲ್ಲಿ ಮೂಲ ಫುಟೇಜ್ ಇಟ್ಟುಕೊಳ್ಳುವುದು ಈ ಕಾರಣಕ್ಕೆ.

ಬ್ರ್ಯಾಂಡ್ ದುಡ್ಡು ಮತ್ತು ಬಾಕಿ

ಅಂಧೇರಿ, ಲೋವರ್ ಪರೇಲ್‌ನ ಏಜೆನ್ಸಿಗಳು ಕೊಡುವ ಬ್ರ್ಯಾಂಡ್ ಕೆಲಸದಲ್ಲಿ ಮೊತ್ತ ದೊಡ್ಡದು, ಕಾಯುವುದು ಇನ್ನೂ ದೊಡ್ಡದು. ವಿಡಿಯೊ ಹಾಕಿದ ಮೇಲೆ 45 ದಿನ, 60 ದಿನ ಎನ್ನುತ್ತಾರೆ, 90 ಆಗುತ್ತದೆ. ಕೆಲಸ ಶುರು ಮಾಡುವ ಮುನ್ನ ಅರ್ಧ ಮುಂಗಡ, ಎಷ್ಟು ಸಲ ತಿದ್ದುಪಡಿ, ವಿಡಿಯೊವನ್ನು ಅವರು ತಮ್ಮ ಜಾಹೀರಾತಾಗಿ ಎಷ್ಟು ದಿನ ಓಡಿಸಬಹುದು, ಪ್ರತಿಸ್ಪರ್ಧಿ ಬ್ರ್ಯಾಂಡ್‌ಗೆ ಎಷ್ಟು ದಿನ ಕೆಲಸ ಮಾಡುವಂತಿಲ್ಲ, ಇವೆಲ್ಲ ಇಮೇಲ್‌ನಲ್ಲಾದರೂ ಬರಹದಲ್ಲಿರಲಿ. ಕೊನೆಯ ಎರಡಕ್ಕೆ ಬೇರೆ ಬೆಲೆ ಕೇಳಬೇಕು, ಬಹಳಷ್ಟು ಜನ ಪುಕ್ಕಟೆ ಕೊಟ್ಟುಬಿಡುತ್ತಾರೆ.

ಬಾಕಿ ವಸೂಲಿಗೆ ಇರುವ ಒಳ್ಳೆಯ ಅಸ್ತ್ರವನ್ನು ಕ್ರಿಯೇಟರ್‌ಗಳು ಬಳಸುವುದು ಅಪರೂಪ. ಆಧಾರ್ ಇದ್ದರೆ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಪುಕ್ಕಟೆಯಾಗಿ ಸೂಕ್ಷ್ಮ ಉದ್ಯಮ ಎಂದು ನೋಂದಾಯಿಸಬಹುದು, ವಿಡಿಯೊ ತಯಾರಿಕೆ ಸೇವೆಯಾಗಿ ಅಲ್ಲಿ ಸೇರುತ್ತದೆ. 2006ರ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) ಕಾಯ್ದೆ ಪ್ರಕಾರ ಖರೀದಿದಾರ 15 ದಿನದಲ್ಲಿ, ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನದಲ್ಲಿ ಪಾವತಿಸಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಗಡುವು ದಾಟಿದ ಬಾಕಿಯನ್ನು ಕಂಪನಿ ಆ ವರ್ಷದ ಖರ್ಚಾಗಿ ತೋರಿಸುವಂತಿಲ್ಲ ಎಂಬ ತೆರಿಗೆ ನಿಯಮವೂ ಇದೆ. ಇನ್‌ವಾಯ್ಸ್‌ನ ತಲೆಯಲ್ಲೇ ಉದ್ಯಮ್ ಸಂಖ್ಯೆ ಮುದ್ರಿಸಿ. ಮಾರ್ಚ್ ಹತ್ತಿರ ಬಂದಾಗ ಅಕೌಂಟ್ಸ್ ವಿಭಾಗದವರು ತಾವೇ ಫೋನ್ ಮಾಡುತ್ತಾರೆ.

ಪುಕ್ಕಟೆ ಬಂದ ವಸ್ತುವೂ ಆದಾಯವೇ. ವರ್ಷಕ್ಕೆ ಒಂದು ಕಂಪನಿಯಿಂದ 20,000 ರೂ. ಮೀರಿದ ಉಡುಗೊರೆಗೆ 2022ರ ಜುಲೈನಿಂದ 10% ಟಿಡಿಎಸ್. ರಿವ್ಯೂ ಮಾಡಿ ಫೋನ್ ವಾಪಸ್ ಕೊಟ್ಟಿದ್ದರೆ ಅದು ಸೇರದು, ವಾಪಸಾತಿಯ ಕೊರಿಯರ್ ರಸೀದಿ ಇಟ್ಟುಕೊಳ್ಳಿ. ಪ್ರಾಯೋಜಿತ ಎಂದು ವಿಡಿಯೊದಲ್ಲೇ ಹೇಳುವುದು 2021ರ ಜೂನ್‌ನಿಂದ ಜಾಹೀರಾತು ಉದ್ಯಮದ ಸ್ವಯಂ ನಿಯಂತ್ರಣ ಸಂಸ್ಥೆ ಎಎಸ್‌ಸಿಐಯ ನಿಯಮ. ಗ್ರಾಹಕ ರಕ್ಷಣಾ ಪ್ರಾಧಿಕಾರ ದಾರಿ ತಪ್ಪಿಸುವ ಪ್ರಚಾರಕ್ಕೆ ಮೊದಲ ಸಲ 10 ಲಕ್ಷ ರೂ.ವರೆಗೆ ದಂಡ ಹಾಕಬಹುದು.

ಹಕ್ಕುಸ್ವಾಮ್ಯದಲ್ಲಿ ಕ್ಲೈಮ್ ಬೇರೆ, ಸ್ಟ್ರೈಕ್ ಬೇರೆ. ಬೇರೆಯವರ ಹಾಡು, ದೃಶ್ಯವನ್ನು ತಾನಾಗೇ ಪತ್ತೆಹಚ್ಚುವ ಕಂಟೆಂಟ್ ಐಡಿಯಿಂದ ಕ್ಲೈಮ್ ಬಂದರೆ ಸಾಮಾನ್ಯವಾಗಿ ಆ ವಿಡಿಯೊದ ದುಡ್ಡು ಹಕ್ಕುದಾರರಿಗೆ ಹೋಗುತ್ತದೆ, ಚಾನೆಲ್‌ಗೆ ಅಪಾಯವಿಲ್ಲ. ಐದು ದಿನದೊಳಗೆ ತಕರಾರು ಹಾಕಿದರೆ ಮೊದಲ ದಿನದಿಂದಲೇ ಆದಾಯ ತಡೆಹಿಡಿದಿಟ್ಟು, ಗೆದ್ದವರಿಗೆ ಕೊಡುತ್ತಾರೆ. ಎದುರಿನವರಿಗೆ ಉತ್ತರಿಸಲು 30 ದಿನ. ಹಕ್ಕುದಾರರು ದೂರು ಕೊಟ್ಟು ವಿಡಿಯೊ ತೆಗೆಸಿದಾಗ ಬೀಳುವ ಸ್ಟ್ರೈಕ್ ಮಾತ್ರ 90 ದಿನ ಇರುತ್ತದೆ, ಆ ಅವಧಿಯಲ್ಲಿ ಮೂರಾದರೆ ಚಾನೆಲ್ ಮುಚ್ಚುತ್ತದೆ. ಪುರಂದರದಾಸರ ಪದ ಯಾರ ಸ್ವತ್ತೂ ಅಲ್ಲ, ಆದರೆ ಇಂದಿನ ಗಾಯಕರು ಹಾಡಿದ ಧ್ವನಿಮುದ್ರಣಕ್ಕೆ ಪ್ರಕಟವಾದ ಮೇಲೆ 60 ವರ್ಷ ಹಕ್ಕಿರುತ್ತದೆ, ಅದಕ್ಕೆ ಹಾಕಿದ ಹೊಸ ರಾಗಸಂಯೋಜನೆಗೂ ಬೇರೆ ಹಕ್ಕಿರಬಹುದು. ಮೇಳದ ಆಟ ಚಿತ್ರಿಸುವ ಮುನ್ನ ಭಾಗವತರ ಮತ್ತು ಸಂಘಟಕರ ಒಪ್ಪಿಗೆ ಬರೆಸಿಕೊಳ್ಳಿ.

ತೆರಿಗೆ, ಕಳ್ಳತನ

ಆ್ಯಡ್‌ಸೆನ್ಸ್‌ನಲ್ಲಿ ಅಮೆರಿಕದ ತೆರಿಗೆ ಫಾರಂ ತುಂಬದಿದ್ದರೆ ಇಡೀ ಜಗತ್ತಿನ ಗಳಿಕೆಯ ಮೇಲೆ 24%ವರೆಗೆ ಕಡಿಯಬಹುದು. ಫಾರಂ ತುಂಬಿ ಭಾರತ-ಅಮೆರಿಕ ಒಪ್ಪಂದದ ಅನುಕೂಲ ಕೇಳಿದರೆ ಅಮೆರಿಕದ ವೀಕ್ಷಕರಿಂದ ಬಂದ ಭಾಗಕ್ಕೆ ಮಾತ್ರ 15%. ನೂರು ಡಾಲರ್ ಅಲ್ಲಿಂದ ಬಂದಿದ್ದರೆ ಹೋಗುವುದು ಹದಿನೈದು. ಫಾರಂನಲ್ಲಿರುವ ಹೆಸರು ಪ್ಯಾನ್‌ನ ಹೆಸರಿಗೆ ಅಕ್ಷರಶಃ ಹೊಂದಬೇಕು. ಇನಿಶಿಯಲ್ ಬಿಡಿಸಿ ಬರೆದದ್ದು ಒಂದು ಕಡೆ, ಬಿಡಿಸದ್ದು ಒಂದು ಕಡೆ ಆದರೆ ಅಲ್ಲೇ ನಿಲ್ಲುತ್ತದೆ.

ಜಿಎಸ್‌ಟಿ ನೋಂದಣಿ ವರ್ಷದ ವಹಿವಾಟು 20 ಲಕ್ಷ ರೂ. ದಾಟಿದರೆ. ಗೂಗಲ್‌ನಿಂದ ವಿದೇಶದ ಹಣವಾಗಿ ಬರುವುದು ರಫ್ತು, ಅದಕ್ಕೆ ತೆರಿಗೆ ಇಲ್ಲದಿದ್ದರೂ 20 ಲಕ್ಷದ ಎಣಿಕೆಗೆ ಸೇರುತ್ತದೆ. ನೋಂದಣಿಯಾದ ಮೇಲೆ ಪ್ರತಿ ವರ್ಷ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ) ಸಲ್ಲಿಸಬೇಕು. ಬ್ರ್ಯಾಂಡ್ ಬಿಲ್‌ಗೆ 18%. ಟಿಡಿಎಸ್ ಕಳೆದ ಮೇಲೂ ಕಟ್ಟಬೇಕಾದ ಆದಾಯ ತೆರಿಗೆ 10,000 ರೂ. ಅಥವಾ ಹೆಚ್ಚಿದ್ದರೆ ಮುಂಗಡ ತೆರಿಗೆ: ಜೂನ್ 15ಕ್ಕೆ 15%, ಸೆಪ್ಟೆಂಬರ್ 15ಕ್ಕೆ 45%, ಡಿಸೆಂಬರ್ 15ಕ್ಕೆ 75%, ಮಾರ್ಚ್ 15ಕ್ಕೆ ಪೂರ್ತಿ. ಹಬ್ಬದ ಸೀಸನ್‌ನ ದುಡ್ಡು ಬರುವವರಿಗೆ ಡಿಸೆಂಬರಿನ ಕಂತು ಭಾರ, ಹಾಗಾಗಿ ಪ್ರತಿ ಪಾವತಿಯಿಂದ ಒಂದು ಭಾಗ ಆಗಲೇ ಬೇರೆ ಖಾತೆಗೆ ಹಾಕಿಡಿ. ಹೊಸ ಆದಾಯ ತೆರಿಗೆ ಕಾಯ್ದೆಯ ಜಾರಿ 2026ರ ಏಪ್ರಿಲ್ 1ರಿಂದ, ಅದರಲ್ಲಿ ಸೆಕ್ಷನ್ ಸಂಖ್ಯೆಗಳು ಬೇರೆ. ಹಳೇ ವಿಡಿಯೊ ನೋಡಿ ರಿಟರ್ನ್ ತುಂಬಬೇಡಿ, ಸಿಎ ಹತ್ತಿರ ಕೇಳಿ.

ಚಾನೆಲ್ ಕದಿಯುವವರು ಬರುವುದು ಸ್ಪಾನ್ಸರ್ ವೇಷದಲ್ಲಿ. ‘ಕಾಂಟ್ರ್ಯಾಕ್ಟ್’ ಎಂದು ಕಳಿಸಿದ ಜಿಪ್ ಫೈಲ್‌ನೊಳಗೆ ಪಿಡಿಎಫ್ ಐಕಾನ್ ತೊಟ್ಟ ಪ್ರೋಗ್ರಾಂ ಇರುತ್ತದೆ. ತೆರೆದ ಕೂಡಲೇ ಬ್ರೌಸರ್‌ನ ಲಾಗಿನ್ ಕುಕೀ, ಅಂದರೆ ನೀವು ಲಾಗಿನ್ ಆಗಿದ್ದೀರಿ ಎಂಬ ಗುರುತು, ಕಳ್ಳರ ಕೈ ಸೇರುತ್ತದೆ. ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಎರಡು ಹಂತದ ಭದ್ರತೆ ಇದ್ದವರೂ ಹೀಗೇ ಚಾನೆಲ್ ಕಳೆದುಕೊಂಡಿದ್ದಾರೆ. ಬ್ರ್ಯಾಂಡ್ ಮೇಲ್‌ಗೆ ಬೇರೆ ಜಿಮೇಲ್ ಇಟ್ಟುಕೊಂಡು ಅದನ್ನು ಫೋನಿನಲ್ಲಷ್ಟೇ ತೆರೆಯಿರಿ, ಚಾನೆಲ್ ಲಾಗಿನ್ ಇರುವ ಲ್ಯಾಪ್‌ಟಾಪ್‌ನಲ್ಲಿ ಜಿಪ್ ಬಿಚ್ಚಬೇಡಿ. ಎಡಿಟರ್‌ಗೆ ನಿಮ್ಮ ಪಾಸ್‌ವರ್ಡ್ ಕೊಡುವ ಬದಲು ಸ್ಟುಡಿಯೊದ ಪರ್ಮಿಶನ್ಸ್‌ನಲ್ಲಿ ‘ಎಡಿಟರ್’ ಹಕ್ಕು ಕೊಡಿ, ಕೆಲಸ ಬಿಟ್ಟ ದಿನವೇ ಹೆಸರು ತೆಗೆಯಿರಿ. ಕದ್ದವರು ಮೊದಲು ಮಾಡುವುದು ಚಾನೆಲ್‌ನ ಹೆಸರು ಬದಲಿಸಿ ಕ್ರಿಪ್ಟೊ ಲೈವ್ ಓಡಿಸುವುದು. ಅದು ಕಂಡ ಕ್ಷಣ ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿ, ಆಮೇಲೆ ಪಾಸ್‌ವರ್ಡ್ ಬದಲಿಸಿ, ಯೂಟ್ಯೂಬ್ ಸಹಾಯ ಪುಟದ ಹ್ಯಾಕ್ ಆದ ಚಾನೆಲ್ ಫಾರಂ ತುಂಬಿ, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಸಂಖ್ಯೆ ಪಡೆದುಕೊಳ್ಳಿ.